ಕಾರಿನ ಕೀಲಿ ನನ್ನ ಜೇಬಿನಲ್ಲಿದೆ

ಕೊರಿನ್,

ಕಾರಿನ ಕೀಲಿಯನ್ನು ಹುಡುಕಬೇಡ. ಅದು ನನ್ನ ಜೇಬಿನಲ್ಲಿದೆ. ಮೇಜಿನ ಮೇಲಿರುವ ವಿಮಾ ಕಂಪನಿಯ ಪತ್ರವನ್ನು ಕುಳಿತು ಓದು. ನಿನ್ನ ಅತಿವೇಗದ ತಪ್ಪು ದಾಖಲಾಗಿ ನಮ್ಮ ಕಂತು ಇಮ್ಮಡಿಯಾಗಿದೆ. ಅಷ್ಟು ಕಟ್ಟುವ ಶಕ್ತಿ ನನಗಿಲ್ಲ. ಆದ್ದರಿಂದ, ಕಂತು ಮೊದಲಿನಷ್ಟಕ್ಕೆ ಇಳಿಯಲೆಂದು, ಈ ಮನೆಯ ಕಾರನ್ನು ನೀನು ಇನ್ನು ಓಡಿಸುವುದಿಲ್ಲವೆಂಬ ಅವರ ಕಾಗದಕ್ಕೆ ನಾನು ನಿನ್ನೆ ಸಹಿ ಹಾಕಿದೆ.

ನನ್ನ ಕೋಪ ನಿನ್ನ ಮೇಲಲ್ಲ. ಪಕ್ಕದ ಮನೆಯ ಡೆಲ್ಬರ್ಟ್ ನಿನಗಿಂತ ಜೋರಾಗಿ ಓಡಿಸಿ ಸಿಕ್ಕಿಬಿದ್ದಿದ್ದ. ಅವನ ವಕೀಲ ನ್ಯಾಯಾಲಯದಲ್ಲಿ ಮಾತನಾಡಿ, ಅದನ್ನು ಕಾರು ನಿಲ್ಲಿಸಬಾರದ ಕಡೆ ನಿಲ್ಲಿಸಿದ ತಪ್ಪೆಂದು ಬರೆಸಿದ. ಅವನ ಕಂತು ಏರಲೇ ಇಲ್ಲ.

"ಏನ್ ಮೇಷ್ಟ್ರೇ, ಊರಿಗೆಲ್ಲ ಪಾಠ ಹೇಳ್ತೀರಿ, ದಂಡ ಕಟ್ಟಿದ್ರೆ ತಪ್ಪು ಒಪ್ಕೊಂಡ ಹಾಗೆ ಅಂತ ಮಗಳಿಗೆ ಹೇಳ್ಲಿಲ್ವಾ?" ಎಂದು ಡೆಲ್ಬರ್ಟ್ ಬೇಲಿಯಾಚೆಯಿಂದ ನಕ್ಕ.

"ಜೋರಾಗಿ ಓಡ್ಸಿದ್ದು ನಾನೇ ಅಲ್ವಾಪ್ಪ, ಇನ್ನೇನ್ ವಾದ ಮಾಡ್ಲಿ?" ಎಂದು ನೀನು ಅಂದೇ ದಂಡ ಕಟ್ಟಿ ಬಂದಾಗ, ಹೆಮ್ಮೆಯಿಂದ ಬೆನ್ನು ತಟ್ಟಿದವನು ನಾನೇ.

ನೀನು ಕೆಲಸ ಮಾಡುವ ಸೆಡಾಲಿಯಾದ ಆಸ್ಪತ್ರೆಗೆ ಇಲ್ಲಿಂದ ಬಸ್ಸಿಲ್ಲ. ನನ್ನ ಶಾಲೆ ಎದುರು ದಿಕ್ಕಿಗಿದೆ. ಕೆಲಸ ಬಿಡುತ್ತೇನೆಂದು ಇಂದೇ ಫೋನ್ ಮಾಡಿ ತಿಳಿಸು. ಫ್ರಿಜ್ಜಿನಲ್ಲಿ ಮೀಟ್‌ಲೋಫ್ ಇದೆ. ಬಿಸಿ ಮಾಡಿಕೊಂಡು ತಿನ್ನು, ಹಸಿದಿರಬೇಡ.

ಆಸ್ಪತ್ರೆಯವರು ಕಾರಣ ಕೇಳಿದರೆ ನಿಜವನ್ನೇ ಹೇಳು ಎಂದು ಬರೆಯಹೊರಟೆ. ಇಪ್ಪತ್ತೆಂಟು ವರ್ಷ ತರಗತಿಯಲ್ಲಿ ಹೇಳಿದ ಮಾತು ಅದು. ಇಂದು ಬರೆಯಲು ಕೈ ಬರುತ್ತಿಲ್ಲ. ನಿನಗೆ ತೋಚಿದ್ದನ್ನು ಹೇಳು.

ಅಪ್ಪ