ಭೀಮನ ಕುಕ್ಕೆಯ ಅನ್ನ

೧೪-೩-೧೯೯೮, ಶನಿವಾರ, ಮೂಗೂರು

ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯುತ್ತಿಲ್ಲ. ಅನ್ನ ಕಡಿಮೆ ಮಾಡದಿದ್ದರೆ ಬೆರಳೇ ಹೋದೀತು ಎಂದಿದ್ದಾರೆ ನಂಜನಗೂಡಿನ ಡಾಕ್ಟರು. ಆದರೂ ಇವತ್ತಿನ ನಾಟಕದಲ್ಲಿ ಬಕಾಸುರನ ಬಂಡಿ ಅನ್ನ ಉಣ್ಣುವ ಭೀಮ ನಾನೇ. ಅದಕ್ಕೆ ಮನೆಮನೆಯಿಂದ ನಿಜವಾದ ಅನ್ನ ತರುವುದು ಪದ್ಧತಿ; ಕುಕ್ಕೆಗೆ ತುಂಬಿದವಳು ನನ್ನ ಹೆಂಡತಿ ಸರ್ವಮಂಗಳಾ. ಆಸೆಯಿಂದ ಕೈ ಹಾಕಿದರೆ ಮೇಲೊಂದು ಪದರ ಅನ್ನ, ಅಡಿಯಲ್ಲೆಲ್ಲ ರಾಗಿಮುದ್ದೆ.

“ಬೀಮ ಮುದ್ದೆ ನುಂಗ್ತಾವ್ನೆ ಕಣ್ಲಾ” ಎಂದು ಮುಂದಿನ ಸಾಲಿನವರು ನಕ್ಕರು. ರಂಗ ನಡುಗುವಂತೆ ಗರ್ಜಿಸಿ ನುಂಗಿದೆ.

ಮನೆಗೆ ಬಂದು ರೇಗಿದೆ. “ಬೀಮನ ಕಾಲ್ಗೇನೂ ಆಗಿಲ್ಲ ಕಣ್ರೀ, ನಿಮ್ಮದು ನೋಡ್ಕಳಿ” ಎಂದಳು.

ಕಾಯಿಲೆ ನನಗೆ, ಅವಳಿಗಲ್ಲ. ಕುಕ್ಕೆಗೆ ಹಾಕದೆ ಉಳಿಸಿದ ಊರವರ ಬೆಳ್ಳನೆಯ ಅನ್ನ ಪಕ್ಕದಲ್ಲೇ ಇದ್ದರೂ ಅವಳು ಮುರಿಯುತ್ತಿರುವುದು ಮುದ್ದೆಯನ್ನೇ. ಮುಖದ ಬಣ್ಣ ತೊಳೆಯಲೂ ತ್ರಾಣವಿಲ್ಲ; ಅವಳ ಜೊತೆ ಒಂದು ತುತ್ತು ಮುದ್ದೆ ಮುರಿದು ಮಲಗುತ್ತೇನೆ.