ಸಮಿತಿಯ ಕುರ್ಚಿ

ಮಾರ್ಚ್ 3, ಬೆಳಿಗ್ಗೆ

ಶೆಲ್ಟರಿನ ನಲ್ಲಿ ಮತ್ತೆ ಕೈಕೊಟ್ಟಿದೆ. ಪ್ಲಂಬರ್ ಬರುವಷ್ಟರಲ್ಲಿ ನಗರಸಭೆಯಿಂದ ಫೋನ್ — ಅಭಿವೃದ್ಧಿ ಸಮಿತಿಗೆ ನನ್ನನ್ನು ಸದಸ್ಯೆ ಮಾಡಿದ್ದಾರಂತೆ! ಕೆಂಪು ಬಾವುಟ ಹಿಡಿದು ಅವರ ಗೇಟಿನ ಹೊರಗೆ ಗಂಟಲು ಹರಿದುಕೊಂಡೇ ಕೂದಲು ನೆರೆಯಿತು. ಈಗ ಒಳಗೆ. ಒಪ್ಪಿಕೊಂಡೆ. ನಮ್ಮ ಶೆಲ್ಟರ್ ಕೆಡವಿ ಪಾರ್ಕಿಂಗ್ ಕಟ್ಟುವ ಫೈಲು ಆ ಸಮಿತಿಯ ಮುಂದೆಯೇ ಇದೆ. ದಿಕ್ಕಿಲ್ಲದ ಹೆಂಗಸರು ಮಲಗುವ ಜಾಗ. ಒಳಗಿದ್ದೇ ತಡೆಯುತ್ತೇನೆ.

ಮಗಳಿಗೆ ನಗು. "ಅಮ್ಮಾ, ಇನ್ಮೇಲೆ ನಿನ್ ವಿರುದ್ಧ ನೀನೇ ಧರಣಿ ಕೂರ್ತೀಯಾ?"

ಮಾರ್ಚ್ 5

ಮೈಕು ಮುನಿಸಿಕೊಂಡಿದ್ದಾನೆ. ಪ್ರೆಸ್ಸಿನಲ್ಲಿ ಕೆಲಸ, ಮೈಕಿಲ್ಲದೆ ಬೀದಿಗೆಲ್ಲ ಕೇಳಿಸುವ ಗಂಟಲು, ಅದಕ್ಕೇ ಆ ಹೆಸರು. ಶೆಲ್ಟರ್ ನಡೆಸುವ ನಮ್ಮ ಸಂಸ್ಥೆ ಶುರುವಾದಾಗಿನಿಂದ ಘೋಷಣೆ ಅವನು ಕೂಗುವುದು, ಉತ್ತರ ನಾನು ಕೊಡುವುದು.

"ಕುರ್ಚಿ ಸಿಕ್ತು, ಅಕ್ಕ ಕೂತ್ರು."

"ಸ್ವಲ್ಪ ದಿನ ಧರಣಿ ಬೇಡ ಕಣೋ. ಮಾತುಕತೆ ಕೆಡುತ್ತೆ."

"ನೀವು ಮಾತಾಡ್ಕೊಳ್ಳಿ. ನಾವು ಕೂಗ್ತೀವಿ."

ಚೆನ್ನಾಗಿ ಬೈದೆ.

ಮಾರ್ಚ್ 19

ಎರಡು ಸಭೆ ಆಯಿತು. ಬಿಸ್ಕತ್ತು ಚೆನ್ನಾಗಿರುತ್ತದೆ. ಶೆಲ್ಟರ್ ಅಂದೊಡನೆ ಅಧ್ಯಕ್ಷರಿಗೆ ಗಡಿಯಾರ ಕಾಣಿಸುತ್ತದೆ. "ಮುಂದಿನ ಸಲ ನೋಡೋಣ ಮೇಡಂ." ಮೇಡಂ ಅಂತೆ! ಮೂಗಿಗೆ ತುಪ್ಪ ಸವರುತ್ತಿದ್ದಾರೆ. ಬಿಡುವವಳಲ್ಲ ನಾನು.

ಏಪ್ರಿಲ್ 2, ಸಂಜೆ

ಹೇಗೆ ಬರೆಯಲಿ... ಅಧ್ಯಕ್ಷರು ಕೊನೆಗೂ ಫೈಲು ತೆಗೆದರು. "ಎಲ್ಲರೂ ಒಪ್ಪಿದ್ದಾರೆ ಅಂತ ಬರ್ಕೊಳ್ಳಿ." ಗುಮಾಸ್ತ ಪೆನ್ನು ಎತ್ತಿದ. ನಾನು ನಯವಾದ ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಕಿಟಕಿಯಾಚೆ, ಗೇಟಿನಿಂದ ಮೈಕು — "ಬೇಕೇ ಬೇಕು!"

"ನ್ಯಾಯ ಬೇಕು!"

ನಾನೇ. ಮುಷ್ಟಿ ಎತ್ತಿ, ಸಭೆಯ ಮಧ್ಯೆ. ಅಭ್ಯಾಸಬಲ! ಟೀ ಕಪ್ಪು ಉರುಳಿ ಫೈಲೆಲ್ಲ ಒದ್ದೆ.

"ಮೇಡಂ, ನೀವು ಒಳಗಿನವರೋ ಹೊರಗಿನವರೋ?"

ನಾಚಿಕೆಯಾಗಲಿಲ್ಲ. ತಿಂಗಳಿಂದ ಕಟ್ಟಿದ್ದ ಗಂಟಲು ಬಿಟ್ಟಿತ್ತು. "ಹೊರಗಿನವಳು. ನಾನು ಒಪ್ಪಿಲ್ಲ ಅಂತ ಬರ್ಕೊಳ್ಳಿ, ಆಮೇಲೆ ಹೋಗ್ತೀನಿ." ಬರೆಸಿಯೇ ಹೊರಟೆ. ವಿರೋಧಕ್ಕೆ ನಾನೊಬ್ಬಳೇ. ಫೈಲು ಪಾಸಾಯಿತು.

ಗೇಟಿನಲ್ಲಿ ಮೈಕು: "ಒಳಗಿಂದ ಉತ್ತರ ಬಂತಲ್ಲ ಅಕ್ಕಾ, ಮೈ ಜುಮ್ ಅಂತು." ಕೈ ಹಿಡಿದುಕೊಂಡೆ. ಬೈದದ್ದು ಇಬ್ಬರಿಗೂ ಮರೆತುಹೋಯಿತು.

ಏಪ್ರಿಲ್ 9, ಬೆಳಿಗ್ಗೆ

ಶೆಲ್ಟರಿನ ಮೆಟ್ಟಿಲು. ಬುಲ್ಡೋಜರ್ ತಿರುವಿನಲ್ಲಿ ನಿಂತಿದೆ. ಹೆಂಗಸರೆಲ್ಲ ಹಾಸಿಗೆ ಸಮೇತ ಬಾಗಿಲಿಗೆ ಅಡ್ಡ ಕೂತಿದ್ದಾರೆ. ಮಗಳೂ ರಜೆ ಹಾಕಿ ಬಂದಿದ್ದಾಳೆ. ವಕೀಲರು ತಡೆಯಾಜ್ಞೆಗೆ ಕೋರ್ಟಿಗೆ ಓಡಿದ್ದಾರೆ. ಅವರು ಬರುವವರೆಗೆ ಜಾಗ ಬಿಡುವುದಿಲ್ಲ. ಭಯವಿದೆ. ಮೊಣಕಾಲೂ ನೋಯುತ್ತಿದೆ. ಇಂಜಿನ್ ಶುರುವಾಯಿತು. ಮೈಕು ಎದ್ದ. ನನ್ನ ಕಡೆ ನೋಡಿದ — "ಬೇಕೇ ಬೇಕು!"

ಪೆನ್ನು ಇಟ್ಟು —