ಗೀರು ಹಾಕದ ಜೆಟ್

ಗ್ಯಾರೇಜಿನ ಹಿಂದಿನ ಕೋಣೆ,
ಮಾರ್ಚ್ 14, ಗುರುವಾರ, ಊಟವಾದ ಮೇಲೆ

ಪ್ರೀತಿಯ ಮಗನೇ,

ಹೇಗಿದ್ದೀಯ? ಬೆನ್ನು ಹೇಗಿದೆ? ನೀನು ಮೂಟೆ ಹೊರುತ್ತಿದ್ದೀಯ ಎಂದು ಕೇಳಿದಾಗ ನನಗೆ ಮೊದಲು ಬಂದ ಯೋಚನೆ ನಿನ್ನ ಬೆನ್ನಿನದು. ಮೀಸೆ ಚಿಗುರಿದ ಜಂಬಕ್ಕೆ ಒಬ್ಬನೇ ಗೇರ್‌ಬಾಕ್ಸ್ ಎತ್ತಲು ಹೋಗಿ ಸೊಂಟ ಉಳುಕಿಸಿಕೊಂಡು, ಹದಿನೈದು ದಿನ ಬೋರಲು ಮಲಗಿದವನು ನೀನು. ಮೊಣಕಾಲು ಬಗ್ಗಿಸಿ ಎತ್ತು ಮಾರಾಯ, ನಡು ಬಗ್ಗಿಸಿ ಎತ್ತಬೇಡ. ಹೊತ್ತಿಗೆ ಸರಿಯಾಗಿ ತಿನ್ನುತ್ತೀಯ ತಾನೇ? ನನ್ನ ವಿಷಯ ಹೇಳುವುದಾದರೆ, ಬದುಕಿದ್ದೇನೆ. ಎಡಗಣ್ಣಿಗೆ ಪೊರೆ ಬಂದಿದೆ. ಸ್ಕ್ರೂ ಕೆಳಗೆ ಬಿದ್ದರೆ ಕೈಯಲ್ಲಿ ತಡವಿ ಹುಡುಕುತ್ತೇನೆ. ನಿನ್ನ ಅಕ್ಕ ಚೆನ್ನಾಗಿದ್ದಾಳೆ ಎಂದು ಬರೆಯಲು ಹೊರಟರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಇದ್ದಾಳೆ, ಅಷ್ಟೆ. ಮುಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು ಜನರ ಪರದೆ, ದಿಂಬಿನ ಚೀಲ ಹೊಲಿದುಕೊಡುತ್ತಾಳೆ. ಈಗಲೂ ಗೋಡೆಯಾಚೆ ಯಂತ್ರದ ಸದ್ದು ಬರುತ್ತಿದೆ. ಅದು ನಿಂತಾಗಲೆಲ್ಲ ನಾನೂ ಬರೆಯುವುದನ್ನು ನಿಲ್ಲಿಸಿ ಕಾಗದದ ಮೇಲೆ ಕೈ ಮುಚ್ಚುತ್ತಿದ್ದೇನೆ. ಅರವತ್ತೆಂಟು ವರ್ಷದ ಮುದುಕನಿಗೆ ಪರೀಕ್ಷೆಯಲ್ಲಿ ನಕಲು ಹೊಡೆಯುವವನ ಗತಿ ಬಂದಿದೆ ನೋಡು.

ನಿನ್ನ ವಿಳಾಸ ಸಿಕ್ಕಿದ್ದು ಬಿಡಿಭಾಗದ ಅಂಗಡಿಯಲ್ಲಿ. ಮಾಲು ಇಲ್ಲ ಎನ್ನುವ ಮೊದಲು ಎರಡು ಸಲ ಕೆಮ್ಮುತ್ತಾನಲ್ಲ, ನೀನೇ ಕೆಮ್ಮಪ್ಪ ಎಂದು ಹೆಸರಿಟ್ಟೆಯಲ್ಲ, ಅವನ ಅಂಗಡಿ. ಫೋಟೋ ಸ್ಟುಡಿಯೋದವರ ಹಳೇ ಕಾರು ಬಂದಿತ್ತು, ಏರಿನಲ್ಲಿ ಉಸಿರು ಕಟ್ಟುತ್ತದೆ ಎಂಬ ದೂರು. ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಪೆಟ್ರೋಲ್ ಸಾಲುತ್ತಿಲ್ಲ ಎನ್ನಲು ಬೇರೆ ಸಾಕ್ಷಿ ಬೇಕೇ? ಕಾರ್ಬುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ತೂತಿನ ತಿರುಪು, ಆ ಮೇನ್ ಜೆಟ್ ತರಲು ಹೋದೆ. ಒಂದು ಕೇಳಿದರೆ ಬರುವುದಿಲ್ಲ, ನೂರಿಪ್ಪತ್ತೈದು, ನೂರಮೂವತ್ತು, ನೂರಮೂವತ್ತೈದು, ಮೂರೂ ಬೇಕು; ನಂಬರ್ ಏರಿದಷ್ಟೂ ತೂತು ದೊಡ್ಡದು. ಒಂದೊಂದನ್ನೇ ಹಾಕಿ, ಓಡಿಸಿ, ಪ್ಲಗ್ಗಿನ ತುದಿ ಕಾಫಿ ಬಣ್ಣಕ್ಕೆ ಬರುವ ತನಕ ಬದಲಾಯಿಸಬೇಕು. ಕೆಮ್ಮಪ್ಪ ಕೆಮ್ಮದೆ ಮೂರನ್ನೂ ಕೊಟ್ಟ. ಆಮೇಲೆ ತಾನಾಗಿಯೇ, ನಿಮ್ಮ ಹುಡುಗ ಗೋದಾಮಲ್ಲಿ ಮೂಟೆ ಹೊರ್ತಿದ್ದಾನಂತೆ, ಅಂದ. ಅವನಿಗೆ ಹೇಳಿದ್ದು ಒಬ್ಬ ಲಾರಿ ಡ್ರೈವರ್. ಗೋದಾಮಿನ ಗೇಟಿನಲ್ಲಿ ಒಂದು ವ್ಯಾನು ಕೆಟ್ಟು ನಿಂತಿತ್ತಂತೆ. ಬಾನೆಟ್ ಎತ್ತಿಕೊಂಡು ಎಲ್ಲರೂ ಬಗ್ಗಿ ನೋಡುತ್ತಿದ್ದರೆ ನೀನು ಎರಡೂ ಕೈ ಜೇಬಿಗೆ ಹಾಕಿಕೊಂಡು ಹಿಂದೆ ಸರಿದೆಯಂತೆ. ನಿನಗೇನಾದ್ರೂ ಗೊತ್ತಾ ಎಂದು ಕೇಳಿದ್ದಕ್ಕೆ, ನಂಗೆ ಇಂಜಿನ್ ಕೆಲಸ ಬರಲ್ಲ ಅಂದೆಯಂತೆ. ಅಯ್ಯೋ ಮಗನೇ! ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕಾರ್ಬುರೇಟರ್ ಬಿಚ್ಚಿ ಜೋಡಿಸಿ ನನ್ನಿಂದ ಪಂದ್ಯ ಗೆದ್ದವನ ಬಾಯಿಂದ ಆ ಮಾತೇ? ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕೆಮ್ಮಪ್ಪ ನೀರು ತಂದುಕೊಟ್ಟ.

ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಬರೆಯುತ್ತೇನೆ, ತಡೆದುಕೋ. ನಾಲ್ಕು ವರ್ಷದ ಹಿಂದೆ ಆ ಶುಕ್ರವಾರ ನಿನ್ನ ಭಾವ ಕಾರು ತಂದು ನಿಲ್ಲಿಸಿದ. ಮರುದಿನ ಔಷಧಿ ಕಂಪನಿಯ ಕೆಲಸದ ಮೇಲೆ ಬೆಟ್ಟದ ಆಚೆ ಹೋಗಬೇಕು, ಗಾಡಿ ಸ್ವಲ್ಪ ಎಳೆಯೋ ಹಾಗೆ ಮಾಡಿಕೊಡು ಎಂದು ನಿನ್ನ ಭುಜ ತಟ್ಟಿದ. ಅವನು ನನಗೆ ಅಳಿಯನಲ್ಲ ಮಗ ಎಂದೆಲ್ಲ ಊರವರ ಹಾಗೆ ನಾನು ಹೇಳುವುದಿಲ್ಲ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ, ಮನೆ ಹಾರಿಹೋಗುವಂತೆ ಸೀನುತ್ತಿದ್ದ. ಆದರೆ ಅವನಿದ್ದಾಗ ನಿನ್ನ ಅಕ್ಕ ನಗುತ್ತಿದ್ದಳು. ನೀನು ಕಾರ್ಬುರೇಟರ್ ಬಿಚ್ಚಿ, ಇದ್ದ ನೂರಿಪ್ಪತ್ತೈದನ್ನು ತೆಗೆದು, ನಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಹಳೇ ಜೆಟ್‌ಗಳಲ್ಲಿ ನೂರಮೂವತ್ತು ಹುಡುಕಿ ಹಾಕಿದೆ. ಬೀದಿಯಲ್ಲಿ ಎರಡು ಸುತ್ತು ಓಡಿಸಿದೆ, ಚೆನ್ನಾಗಿಯೇ ಓಡಿತು. ಶನಿವಾರ ಬೆಟ್ಟದ ಏರಿನಲ್ಲಿ ಅವನು ಲಾರಿಯೊಂದನ್ನು ಹಿಂದೆ ಹಾಕಲು ಹೋದ. ಪೆಡಲನ್ನು ನೆಲಕ್ಕೆ ಒತ್ತಿದ. ಕಾರು ಮುಂದೆ ಬಂತು, ಬಂದು ಉಸಿರೇ ನಿಂತಂಗೆ ನಿಂತ್ಬಿಡ್ತು ಸ್ವಾಮಿ, ಎಂದು ಆ ಲಾರಿಯವನು ಅಳುತ್ತಾ ಹೇಳಿದ. ಎದುರಿನಿಂದ ಬಸ್ಸು ಬಂದಿತ್ತು.

ನಜ್ಜುಗುಜ್ಜಾದ ಕಾರನ್ನು ಎಳೆದುತಂದು ಅಂಗಳಕ್ಕೆ ಹಾಕಿದಾಗ ನಾನು ಆಡಿದ ಮಾತು ನಿನ್ನ ಕಿವಿಯಲ್ಲಿ ಇನ್ನೂ ಇರಬೇಕು. ಅಕ್ಕನ ಎದುರು, ಹತ್ತು ಜನರ ಎದುರು ಅಂದೆ: ನಂಬರ್ ನೋಡದೆ ಸಣ್ಣ ಜೆಟ್ ತುರುಕಿದ್ದೀಯ, ನಿನ್ನ ಕೈಯಿಂದ ಒಂದು ಜೀವ ಹೋಯ್ತು. ನೀನು ಎದುರಾಡಲಿಲ್ಲ. ಅಪ್ಪಾ, ನಂಬರ್ ನೋಡಿದ್ದೆ, ಗೀರೂ ನೋಡಿದ್ದೆ, ಎಂದಷ್ಟೇ ಎರಡು ಸಲ ಹೇಳಿದೆ. ಅಕ್ಕ ನಿನ್ನ ಮುಖ ನೋಡಿದಳು, ಒಳಗೆ ಹೋದಳು, ಅವತ್ತಿನಿಂದ ನಿನ್ನ ಹೆಸರೆತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿನ್ನ ಅಮ್ಮ ನನಗೆ ಬುದ್ಧಿ ಹೇಳುತ್ತಿದ್ದಳು. ಆಗ ಅವಳಿದ್ದಿದ್ದರೆ ನನ್ನ ಬಾಯಿಯ ಮೇಲೆ ಹೊಡೆದು ನಿಲ್ಲಿಸುತ್ತಿದ್ದಳೇನೋ.

ಈಗ ಗೀರಿನ ವಿಷಯಕ್ಕೆ ಬರುತ್ತೇನೆ. ಕಾಗದ ಬರೆಯಲು ಕೂತದ್ದೇ ಅದಕ್ಕೆ. ನಮ್ಮ ಗ್ಯಾರೇಜಿನ ಕಟ್ಟಳೆ ನಿನಗೆ ಗೊತ್ತು. ಹೊಸ ಜೆಟ್ ಸಿಗದ ಕಾಲದಲ್ಲಿ ನಾವು ಹಳೆಯದನ್ನೇ ಕೊರೆದು ತೂತು ದೊಡ್ಡದು ಮಾಡುತ್ತಿದ್ದೆವು, ಇಲ್ಲವೇ ಬೆಸುಗೆ ತುಂಬಿ ಮತ್ತೆ ಸಣ್ಣಗೆ ಕೊರೆಯುತ್ತಿದ್ದೆವು. ಕೊರೆದ ಮೇಲೆ ಜೆಟ್ಟಿನ ಮೇಲಿರುವ ನಂಬರ್ ಸುಳ್ಳಾಗುತ್ತದೆ. ಅದಕ್ಕೇ ಅದರ ಅಂಚಿಗೆ ಅರದಿಂದ ಒಂದು ಗೀರು ಹಾಕಬೇಕು. ಗೀರಿದ್ದರೆ ನಂಬರ್ ನಂಬಬೇಡ, ಗೀರಿಲ್ಲದಿದ್ದರೆ ದೇವರ ಮಾತಿನ ಹಾಗೆ ನಂಬು. ಇದನ್ನು ನಿನಗೆ ಅ ಆ ಇ ಈ ಜೊತೆಗೇ ಕಲಿಸಿದೆ. ಬೋಳುತಲೆಯ ಟ್ಯಾಕ್ಸಿಯವನು ನೆನಪಿದ್ದಾನಾ? ಗಾಡಿ ನನ್ನ ಹೆಂಡತಿಗಿಂತ ಜಾಸ್ತಿ ಖರ್ಚು ಮಾಡುತ್ತೆ, ಪೆಟ್ರೋಲ್ ಕುಡಿಯೋದು ಕಡಿಮೆ ಮಾಡಿ ಎಂದು ಪ್ರಾಣ ತಿಂದ. ಅವನಿಗಾಗಿ ಒಂದು ನೂರಮೂವತ್ತಕ್ಕೆ ಬೆಸುಗೆ ತುಂಬಿ ಸಣ್ಣಗೆ ಕೊರೆದು ಹಾಕಿಕೊಟ್ಟೆ. ವಾರಕ್ಕೇ ವಾಪಸ್ ಬಂದ. ಯಜಮಾನ್ರೇ, ಏರಲ್ಲಿ ಸೈಕಲ್‌ನೋರೂ ನನಗೆ ಟಾಟಾ ಮಾಡಿ ಹೋಗ್ತಿದ್ದಾರೆ, ಅಂದ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗುತ್ತಲೇ ಅದನ್ನು ಬಿಚ್ಚಿ ಅವನ ಹಳೇ ಜೆಟ್ ಹಾಕಿ, ಬಿಚ್ಚಿದ್ದನ್ನು ಬಿಸ್ಕತ್ತಿನ ಡಬ್ಬಿಗೆ ಎಸೆದೆ. ಅರ ಕೈಗೆಟುಕುವಲ್ಲೇ ಇತ್ತು. ಗೀರು ಹಾಕಲಿಲ್ಲ.

ನಿನ್ನ ಭಾವನ ಕಾರಿನ ಕಾರ್ಬುರೇಟರನ್ನು ನಾನು ಬಿಚ್ಚಿ ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ನಾಲ್ಕು ವರ್ಷ ಅದನ್ನು ಮುಟ್ಟಿರಲಿಲ್ಲ. ಕೆಮ್ಮಪ್ಪನ ಮಾತು ಕೇಳಿ ಬಂದವನು ಹೋದ ತಿಂಗಳು ಅದನ್ನು ಇಳಿಸಿ ತೆರೆದೆ. ಮೇನ್ ಜೆಟ್ ಹೊರಗೆ ತೆಗೆದರೆ ನೂರಮೂವತ್ತು ಎಂದು ಹೊಡೆದ ಅಂಕಿ ಹಾಗೇ ಇತ್ತು. ಅಂಚಿನಲ್ಲಿ ಗೀರು ಇರಲಿಲ್ಲ. ಅಕ್ಕನ ಹತ್ತಿರ ರಗ್ಗು ಹೊಲಿಯುವ ದಪ್ಪ ಸೂಜಿ ಕೇಳಿ ತಂದು ತೂರಿಸಿ ನೋಡಿದೆ. ಸರಿಯಾದ ನೂರಮೂವತ್ತರಲ್ಲಿ ಆ ಸೂಜಿ ಸಲೀಸಾಗಿ ದಾಟುತ್ತದೆ. ಇದರಲ್ಲಿ ಅರ್ಧಕ್ಕೇ ಕಚ್ಚಿಕೊಂಡಿತು. ಒಳಗೆ ಬೂದುಬಣ್ಣದ ಬೆಸುಗೆ ಕಂಡಿತು. ನನ್ನ ಕೈಯ ಬೆಸುಗೆ ನನಗೆ ಗೊತ್ತಾಗುವುದಿಲ್ಲವೇ? ನೀನು ನೋಡಿದ ನಂಬರ್ ಸರಿ, ಗೀರು ನೋಡಿದ್ದೂ ಸರಿ. ನೀನು ನಂಬಿದ್ದು ನನ್ನನ್ನು. ತಪ್ಪು ನನ್ನದು ಮಗನೇ, ನನ್ನದು, ನನ್ನದೊಬ್ಬನದೇ.

ಜೆಟ್ಟಿನ ಕೊರತೆ ಸಮತಟ್ಟು ಬೀದಿಯಲ್ಲಿ ಕಾಣದು; ಏರಿನಲ್ಲಿ ಓಡಿಸಿ ನೋಡದೆ ಗಾಡಿ ಕೊಟ್ಟೆಯಲ್ಲ, ಅದೊಂದು ನಿನ್ನ ಲೆಕ್ಕಕ್ಕೆ. ಭಾವ ಅವಸರ ಮಾಡಿದ, ನೀನು ಸೋತೆ. ಅದನ್ನೂ ನನ್ನ ತಲೆಗೇ ಕಟ್ಟಿಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಇದನ್ನು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಉಳಿಯಲಿ, ನನ್ನ ಬುದ್ಧಿ ಇಷ್ಟೇ ಎಂದು ನಿನಗೆ ತಿಳಿದಿರಲಿ. ಆದರೆ ನಿನ್ನ ಕೈ ಕೊಲೆಗಾರನ ಕೈಯಲ್ಲ. ಅದನ್ನು ಜೇಬಿನಿಂದ ತೆಗಿ. ಇಲ್ಲಿಗೆ ಬರದಿದ್ದರೂ ಪರವಾಗಿಲ್ಲ, ಎಲ್ಲಿದ್ದೀಯೋ ಅಲ್ಲೇ ಯಾವುದಾದರೂ ಗ್ಯಾರೇಜಿಗೆ ಹೋಗಿ ಪಾನಾ ಕೇಳಿ ತೆಗೆದುಕೋ. ಡಬ್ಬಿಯಲ್ಲಿದ್ದ ಹಳೇ ಜೆಟ್‌ಗಳನ್ನೆಲ್ಲ ಸುತ್ತಿಗೆಯಿಂದ ಜಜ್ಜಿ ಹಾಕಿದ್ದೇನೆ. ಇದೊಂದನ್ನು ಮಾತ್ರ ಉಳಿಸಿ ಕಾಗದದ ಜೊತೆ ಕಳಿಸುತ್ತಿದ್ದೇನೆ, ಬೆಳಕಿಗೆ ಹಿಡಿದು ನೀನೇ ನೋಡು. ಅಕ್ಕನಿಗೆ ಇನ್ನೂ ಹೇಳಿಲ್ಲ. ಸಮಯ ನೋಡಿ ಹೇಳುತ್ತೇನೆ.

ಫೋಟೋ ಸ್ಟುಡಿಯೋದವರ ಕಾರಿಗೆ ನೂರಮೂವತ್ತೈದು ಕೂತಿತು. ಏರಿನಲ್ಲಿ ಮೂರು ಸಲ ಓಡಿಸಿ ನೋಡಿದೆ, ಮೂರು ಸಲವೂ ಇಳಿದು ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡೆ. ಅದೇ ನನ್ನ ಕೊನೆಯ ಗಾಡಿ.

ನಿನಗೆ ಬೈದ ಬಾಯಿಂದಲೇ ಹರಸುತ್ತಿದ್ದೇನೆ, ಬೇರೆ ಬಾಯಿ ನನಗಿಲ್ಲ. ನೂರು ಕಾಲ ಬಾಳು. ಬೆನ್ನು ಜೋಪಾನ.

ನಿನ್ನ ಅಪ್ಪ

ತಾಜಾಕಲಂ: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕಾಗದ ಮಡಿಸಿದೆ, ಆದರೆ ಮನಸ್ಸು ತಡೆಯಲಿಲ್ಲ. ನಾನು ಕಾರ್ಬುರೇಟರ್ ತೆರೆದದ್ದು ಹೋದ ತಿಂಗಳಲ್ಲ. ಸಾವಾದ ನಾಲ್ಕನೇ ದಿನವೇ ತೆರೆದೆ. ಸೂಜಿಯನ್ನು ಕೇಳಿ ತಂದದ್ದೂ ಅಲ್ಲ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಅವಳ ಪೆಟ್ಟಿಗೆಯಿಂದ ಕದ್ದೆ. ಅದು ಜೆಟ್ಟಿನಲ್ಲಿ ಕಚ್ಚಿಕೊಂಡು ಮುರಿಯಿತು, ತುದಿ ಇನ್ನೂ ಒಳಗೇ ಇದೆ. ಅವತ್ತು ನೀನು ಮನೆಯಲ್ಲೇ ಇದ್ದೆ. ಮನೆ ಬಿಟ್ಟು ಹೋಗಲು ಮುಂದಿನ ಕೋಣೆಯಲ್ಲಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದೆ. ನಾನು ಜೆಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ತನಕ ಬಂದೆ. ಒಂದು ಮಾತು ಹೇಳಿದ್ದರೆ ನೀನು ನಿಲ್ಲುತ್ತಿದ್ದೆ. ಅಕ್ಕ ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೋ ಎಂದು ಹೆದರಿ, ಬಿಸಿಲಿದೆ, ತಲೆಗೆ ಏನಾದ್ರೂ ಹಾಕ್ಕೋ, ಎಂದೆ. ನೀನು ಹೂಂ ಅಂದು ಹೋದೆ. ನಾಲ್ಕು ವರ್ಷ ಅವಳು ಬಡಿಸಿದ್ದನ್ನು ಉಂಡುಕೊಂಡು ನಿನ್ನ ಮೇಲೆ ಅವಳ ಸಿಟ್ಟು ಬೆಳೆಯುವುದನ್ನು ನೋಡುತ್ತಾ ಕೂತೆ. ಬಾಯಿಬಿಟ್ಟು ಅವಳಿಗೆ ಹೇಳಲು ಈಗಲೂ ನನ್ನಿಂದ ಆಗದು. ಇದನ್ನು ಅಂಚೆಗೆ ಹಾಕು ಎಂದು ಅವಳ ಕೈಗೇ ಕೊಡುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ.

(ಹಾಳೆಯ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ, ಬೇರೆ ಕೈಬರಹ)

ತಮ್ಮಾ, ಓದಿದೆ. ಆ ಸೂಜಿ ಎಲ್ಲಿ ಹೋಯ್ತು ಅಂತ ಎಷ್ಟು ದಿನ ಹುಡುಕಿದ್ದೆ. ಜೆಟ್ ಲಕೋಟೆಯಲ್ಲಿ ಇಲ್ಲ, ನಾನು ಇಟ್ಟುಕೊಂಡಿದ್ದೀನಿ. ಅಪ್ಪ ಹಿಂದಿನ ಕೋಣೇಲಿ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದಾರೆ, ನಾನು ಇನ್ನೂ ಏನೂ ಮಾತಾಡಿಲ್ಲ. ನೀನು ಬಾ. ಅವರ ಜೊತೆ ಈ ಮನೇಲಿ ಒಬ್ಬಳೇ ಇರೋಕೆ ಇನ್ನು ನನ್ನ ಕೈಲಿ ಆಗಲ್ಲ.

ಅಕ್ಕ